ಬಿಳಿ ಇಲಿಯ ಬಾಣಂತನ

ನಮ್ಮಪ್ಪ ಕೋದಂಡರಾಮಪ್ಪನನ್ನು ಯಾರಾದರೂ "ಬಹಳ ಶುದ್ಧದ ಮನುಷ್ಯ" ಎಂದು ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಂಥ ಶುದ್ಧ ಎಂದು ಅವರಿಗೇನು ಗೊತ್ತು? ತೊಳೆದಿಟ್ಟ ತಟ್ಟೆಯನ್ನು ಮೂಸಿ ನೋಡಿ ಉಣ್ಣುವವನ ಮಗಳಾಗಿ ಅವರು ಹುಟ್ಟಿಲ್ಲ. ನಾನು ಅಂಗಳ ಗುಡಿಸಿ ಪೊರಕೆಯನ್ನು ಮೂಲೆಗಿಡುವಷ್ಟರಲ್ಲಿ ಅದೇ ಪೊರಕೆಯನ್ನು ಎತ್ತಿಕೊಂಡು ಅದೇ ಅಂಗಳವನ್ನು ಮತ್ತೆ ಗುಡಿಸುತ್ತಿದ್ದ. ಬಾಯಿಬಿಟ್ಟು ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು, ನಾನೂ ತಿರುಗಿ ಬೈಯಬಹುದಿತ್ತು.

ಅವನಿಗೆ ಈ ಚಾಳಿ ಹತ್ತಿಸಿದ್ದು ರೇಷ್ಮೆ ಹುಳು. ಸುಗಟೂರಿನ ನಮ್ಮ ಮನೆಯ ಹಿಂಬದಿಗೆ ಹುಳದ ಮನೆ ಇತ್ತು. ಬಿದಿರಿನ ತಟ್ಟೆಗಳಲ್ಲಿ ಹುಳು ಸೊಪ್ಪು ಮೇಯುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಹುಳು ಅಂದರೆ ಬಹಳ ನಾಜೂಕು. ತಿಂದು ಬಿಟ್ಟ ಸೊಪ್ಪು, ಹಿಕ್ಕೆ ಕೆಳಗೆ ಉಳಿದು ಬೆವೆತರೆ ಇಡೀ ತಟ್ಟೆಗೆ ರೋಗ ಬೀಳುತ್ತದೆ. ಆದ್ದರಿಂದ ದಿನಾ ಕಸ ತೆಗೆಯಬೇಕು, ಹುಳುವನ್ನು ಹೊಸ ಹಾಸಿಗೆಗೆ ಎತ್ತಿ ಬಿಡಬೇಕು, ಸತ್ತದ್ದನ್ನು ಆರಿಸಬೇಕು, ಕಿಟಕಿ ತೆರೆದು ಗಾಳಿ ಆಡಿಸಬೇಕು. ಒಳಗೆ ಹೋಗುವವರು ಕೈಕಾಲು ತೊಳೆಯಬೇಕು. ಈ ಕೆಲಸದಲ್ಲಿ ನಮ್ಮಪ್ಪನನ್ನು ಮೀರಿಸುವವರು ಆ ಸೀಮೆಯಲ್ಲಿರಲಿಲ್ಲ. ಅಕ್ಕಪಕ್ಕದವರ ಬೆಳೆ ಕೆಟ್ಟರೂ ನಮ್ಮದು ಕೆಡುತ್ತಿರಲಿಲ್ಲ. ಹುಳದ ಮನೆಗೆ ನುಗ್ಗುವ ಇಲಿಗಳನ್ನಂತೂ ಬೋನು ಇಟ್ಟು ಹಿಡಿದು, ಗೋಣಿಚೀಲಕ್ಕೆ ಹಾಕಿ ಬಡಿದು ಕೊಲ್ಲುತ್ತಿದ್ದ. ಇಲಿಯ ಬಾಲ ಕಂಡರೂ ಅವನ ಮುಖ ಕೆಂಪಗಾಗುತ್ತಿತ್ತು.

ಆಮೇಲೆ ಊಜಿ ನೊಣ ಬಂತು. ಎಂಬತ್ತರ ಆಚೀಚೆ ನಮ್ಮ ಕಡೆಗೆ ಕಾಲಿಟ್ಟ ಆ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಹುಳುವನ್ನು ಒಳಗಿಂದ ತಿಂದು ತೂತು ಮಾಡಿಕೊಂಡು ಹೊರಬರುತ್ತದೆ. ಎಷ್ಟು ಗುಡಿಸಿದರೂ ಅದು ಹೋಗಲಿಲ್ಲ. ಒಂದರ ಹಿಂದೆ ಒಂದು ಬೆಳೆ ಹೋಯಿತು. ಕೊನೆಗೆ ಚಿಕ್ಕಪ್ಪ ತಾಳ್ಮೆಗೆಟ್ಟು ಹಿಪ್ಪುನೇರಳೆಯನ್ನೆಲ್ಲ ಕಿತ್ತು ಟೊಮೆಟೊ ಇಟ್ಟ. ಟೊಮೆಟೊ ತೋಟದಲ್ಲಿ ಅಪ್ಪ ತಮ್ಮನ ಕೈಕೆಳಗೆ ನೀರು ಕಟ್ಟುವ ಆಳಾದ. "ಅಣ್ಣಾ, ಗಿಡಕ್ಕೆ ನೀರು ಬಿಡು ಅಂದ್ರೆ ಎಲೆ ಒರೆಸ್ತಾ ಕೂತಿದೀಯಲ್ಲ" ಎಂದು ಚಿಕ್ಕಪ್ಪ ಎಲ್ಲರೆದುರು ನಗುತ್ತಿದ್ದ. ಅಪ್ಪ ತಲೆ ತಗ್ಗಿಸುತ್ತಿದ್ದ.

ಅಂಥ ಹೊತ್ತಿನಲ್ಲಿ ವೆಂಕಟರಾಯಪ್ಪ ಮೇಷ್ಟ್ರು ಮನೆಗೆ ಬಂದರು. ಕೋಲಾರದ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಅವರು ಹಿಂದೆ ವರ್ಷಕ್ಕೊಂದು ಸಲ ಹುಡುಗರನ್ನು ಕರೆತಂದು ನಮ್ಮ ಹುಳದ ಮನೆ ತೋರಿಸುತ್ತಿದ್ದರು. ಕಾಲೇಜಿಗೆ ಡಿಗ್ರಿ ತರಗತಿ ಬಂದಿತ್ತು, ಪ್ರಾಕ್ಟಿಕಲ್ಲಿಗೆ ಬಿಳಿ ಇಲಿ ಬೇಕಾಗಿತ್ತು. ಬೆಂಗಳೂರಿನಿಂದ ಬಸ್ಸಿನಲ್ಲಿ ತರಿಸಿದರೆ ಹೊಸಕೋಟೆ ದಾಟುವಷ್ಟರಲ್ಲಿ ಅರ್ಧ ಸೆಕೆಗೆ ಸಾಯುತ್ತಿದ್ದವು. ಕಾಲೇಜಿನಲ್ಲೇ ಸಾಕಿ ಮರಿ ಮಾಡಿಸೋಣ ಎಂದು ಪ್ರಿನ್ಸಿಪಾಲರು ತೀರ್ಮಾನಿಸಿದ್ದರು.

"ಹುಳು ಸಾಕಿದ ಕೈ ನಿಂದು, ಇಲಿ ಸಾಕೋದೇನು ಮಹಾ?" ಎಂದರು ಮೇಷ್ಟ್ರು. "ಈಗ ದಿನಗೂಲಿ. ಇಲಿ ಸಂತಾನ ನಿಂತ್ರೆ ಆ ಕೆಲಸಾನ ಖಾಯಂ ಮಾಡ್ತಾರೆ."

ಅಪ್ಪನಿಗೆ ಬೇರೇನೂ ಕೇಳಿಸಲಿಲ್ಲ. ಖಾಯಂ ಎಂದರೆ ಸರ್ಕಾರಿ ಬಸ್ಸಿನಲ್ಲಿ ಕೂತು ಕೆಲಸಕ್ಕೆ ಹೋಗುವುದು. ಖಾಯಂ ಎಂದರೆ ತಮ್ಮನ ಮುಂದೆ ತಲೆ ಎತ್ತಿ ನಿಲ್ಲುವುದು. ಗೋಣಿಚೀಲದಲ್ಲಿ ಇಲಿ ಬಡಿದ ಮನುಷ್ಯ ಇಲಿ ಸಾಕಲು ಹೊರಟ. ನಮ್ಮಜ್ಜಿ ದೊಡ್ಡಗಂಗಮ್ಮ, ಅಂದರೆ ಅಪ್ಪನ ತಾಯಿ, ಅಮ್ಮ ಸತ್ತಾಗಿನಿಂದ ನಮ್ಮ ಮನೆಯ ಯಜಮಾನಿ. ಅವಳು ಮಾತ್ರ "ಗಣೇಶನ ವಾಹನಕ್ಕೆ ಕೂಳು ಹಾಕಿ ಬದುಕೋ ಕಾಲ ಬಂತಾ" ಎಂದು ಮೂಗು ಮುರಿದಳು.

ಇಲಿ ಮನೆ ಎಂದರೆ ಕಾಲೇಜಿನ ಹಿಂದೆ ಕಲ್ನಾರು ಶೀಟು ಹೊದಿಸಿದ ಒಂದು ಕೋಣೆ. ತಂತಿ ಪಂಜರಗಳಲ್ಲಿ ಬಿಳೀ ಇಲಿಗಳು. ಕೆಂಪು ಕಣ್ಣು, ಗುಲಾಬಿ ಬಾಲ, ಕೈಗೆ ತೆಗೆದುಕೊಂಡರೆ ಬೆಚ್ಚಗೆ ಅವುಚಿಕೊಳ್ಳುತ್ತವೆ. ಹೊಲದ ಇಲಿಯ ಹಾಗೆ ಕಚ್ಚುವುದಿಲ್ಲ. ಅಪ್ಪ ಮೊದಲ ದಿನ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಹೋದವನು ಒಂದು ವಾರದಲ್ಲಿ ಅವುಗಳ ಗುಣಗಾನ ಶುರು ಮಾಡಿದ. ಊಟ ಮುಗಿಸಿ ನಮ್ಮ ಹಾಗೆ ಮುಖ ತೊಳೆಯುತ್ತವಂತೆ, ಮುಂಗಾಲಿಗೆ ಎಂಜಲು ಹಚ್ಚಿ ಕಿವಿಯ ಹಿಂದೆಯೂ ಉಜ್ಜುತ್ತವಂತೆ. "ನಿನಗಿಂತ ಶುದ್ಧ ಕಣೇ ಭಾರತಿ" ಎಂದು ಹಬ್ಬಕ್ಕೆ ತವರಿಗೆ ಬಂದಿದ್ದ ನನಗೇ ಹೇಳಿದ. ಹಲ್ಲು ಬೆಳೆಯುತ್ತಲೇ ಇರುವುದರಿಂದ ಏನಾದರೂ ಕಡಿಯುತ್ತಿರಲೇಬೇಕು ಎಂದು ಮೇಷ್ಟ್ರಿಂದ ತಿಳಿದು, ಗಟ್ಟಿ ಹುಣಸೆ ಕಟ್ಟಿಗೆಯ ತುಂಡುಗಳನ್ನು ನಮ್ಮ ಒಲೆಯ ಮುಂದಿನಿಂದ ಕದ್ದೊಯ್ಯುತ್ತಿದ್ದ.

ನಾನು ಆಗ ಮಾಲೂರಿನಲ್ಲಿದ್ದೆ. ಗಂಡ ಹೆಂಚಿನ ಕಾರ್ಖಾನೆಯಲ್ಲಿದ್ದರು. ಚೊಚ್ಚಲ ಬಸಿರಾಗಿ ತವರಿಗೆ ಬಂದಾಗ ಅಪ್ಪ ಅರ್ಧ ಇಳಿದುಹೋಗಿದ್ದ. ಕೇಳಿದರೆ ಅಜ್ಜಿ ಹಣೆ ಚಚ್ಚಿಕೊಂಡಳು. "ಇಲಿ ಮರಿ ಹಾಕ್ತದೆ, ಹಾಕಿದ್ದನ್ನ ತಾನೇ ತಿಂತದೆ. ನಿಮ್ಮಪ್ಪ ಇಲ್ಲಿ ಅನ್ನ ತಿನ್ನಲ್ಲ."

ನಡೆದದ್ದು ಇಷ್ಟು. ಮೊದಲನೇ ಬಾಣಂತಿ ಇಲಿ ಮರಿ ಹಾಕಿದ ಬೆಳಿಗ್ಗೆ ಅಪ್ಪ ಬಾಗಿಲು ತೆಗೆದಾಗ ಮರದ ಹೊಟ್ಟಿನ ನಡುವೆ ಕೆಂಪು ಮರಿಗಳು ಹೊರಳಾಡುತ್ತಿದ್ದವು. ಕಣ್ಣಿಲ್ಲ, ಕೂದಲಿಲ್ಲ, ಚರ್ಮ ಎಷ್ಟು ತೆಳ್ಳಗೆಂದರೆ ಕುಡಿದ ಹಾಲು ಹೊಟ್ಟೆಯಲ್ಲಿ ಬೆಳ್ಳಗೆ ಕಾಣುತ್ತಿತ್ತು. ಅಪ್ಪನಿಗೆ ಆನಂದ. ಆದರೆ ಗೂಡಿನಲ್ಲಿ ರಕ್ತ, ಉಚ್ಚೆ, ಒದ್ದೆ ಹೊಟ್ಟು. ಹುಳು ಸಾಕಿದವನಿಗೆ ಅದನ್ನು ನೋಡಿ ಸುಮ್ಮನಿರಲು ಸಾಧ್ಯವೇ? ಮರಿಗಳನ್ನು ಒಂದೊಂದಾಗಿ ಎತ್ತಿ ತಟ್ಟೆಯಲ್ಲಿಟ್ಟ. ಹಳೇ ಹೊಟ್ಟನ್ನೆಲ್ಲ ಎಸೆದ. ಪಂಜರವನ್ನು ಫಿನಾಯಿಲ್ ಹಾಕಿ ಉಜ್ಜಿ ತೊಳೆದು, ಬಿಸಿಲಿಗಿಟ್ಟು, ಹೊಸ ಹೊಟ್ಟು ಹಾಸಿ, ಮರಿಗಳನ್ನು ಸಾಲಾಗಿ ಜೋಡಿಸಿದ. ಕಿಟಕಿ ಪೂರಾ ತೆರೆದು ಗಾಳಿ ಬೆಳಕು ಬಿಟ್ಟ. ಮಾರನೆಯ ದಿನ ನೋಡಿದರೆ ಪಂಜರದಲ್ಲಿ ತಾಯಿ ಒಂದೇ ಕೂತಿತ್ತು, ಪಕ್ಕದಲ್ಲಿ ಒಂದು ಪುಟ್ಟ ಬಾಲ.

ಅದು ರಾಕ್ಷಸಿ ಇಲಿ ಎಂದುಕೊಂಡ. ಎರಡನೆಯದೂ ತಿಂದಿತು. ಆಗ ಹೊಟ್ಟೆಗೆ ಸಾಲುತ್ತಿಲ್ಲವೇನೋ ಎಂದುಕೊಂಡ. ಮೇಷ್ಟ್ರೂ ಹಾಗೇ ಹೇಳಿದರು: ಪ್ರೋಟೀನ್ ಕಡಿಮೆ. ಮೊಳಕೆ ಕಟ್ಟಿದ ಹುರುಳಿ, ಕಡಲೆಕಾಯಿ, ರಾಗಿಮುದ್ದೆಯ ಉಂಡೆ, ಬೇಯಿಸಿದ ಮೊಟ್ಟೆ. ಬಸುರಿ ಮಗಳು ನಾನು ಮನೆಯಲ್ಲಿ ಸೊಪ್ಪಿನ ಸಾರು ಉಣ್ಣುತ್ತಿದ್ದೆ, ಮೊಟ್ಟೆ ಬಸ್ಸು ಹತ್ತಿ ಇಲಿಗೆ ಹೋಗುತ್ತಿತ್ತು! ಇಲಿ ಮೊಟ್ಟೆಯನ್ನೂ ತಿಂದಿತು, ಮರಿಯನ್ನೂ ತಿಂದಿತು. ಸೋತಷ್ಟೂ ಅಪ್ಪ ಇನ್ನೂ ಹೆಚ್ಚು ತೊಳೆದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕೈಯಲ್ಲಿ ಫಿನಾಯಿಲ್ ವಾಸನೆ ಎಷ್ಟೆಂದರೆ ಅವನು ಕಲಸಿದ ಅನ್ನ ನಾಯಿಯೂ ಮೂಸುತ್ತಿರಲಿಲ್ಲ.

ಕಾಲೇಜಿನಲ್ಲಿ ಅವನ ಜೊತೆಗಾರ ಎಂದರೆ ಬುಡನ್ ಸಾಬ್. ಗಿಡಕ್ಕೆ ನೀರು ಹಾಕುವ ದಿನಗೂಲಿ. ಕೋಲಾರದ ಪೇಟೆಯಲ್ಲಿ ತಗಡಿನ ಕೆಲಸ ಮಾಡುವವರ ಮನೆಯವನು. ಆ ಸದ್ದು ತಾಳಲಾರದೆ ಕಾಲೇಜಿಗೆ ಬಂದೆ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಕೆಲಸ ಎಂದರೆ ಅವನಿಗೆ ಅಲರ್ಜಿ. ನೀರಿನ ಪೈಪನ್ನು ಒಂದು ಗಿಡದ ಬುಡಕ್ಕೆ ಬಿಟ್ಟು ಇಲಿ ಮನೆಯ ನೆರಳಲ್ಲಿ ಬೀಡಿ ಹಚ್ಚುತ್ತಿದ್ದ. ಮನಸ್ಸು ಮಾತ್ರ ಒಳ್ಳೆಯದು. ಒಂದು ದಿನ ಪಂಜರದೊಳಗೆ ಬಗ್ಗಿ ನೋಡಿದವನು ಗಾಬರಿಯಾಗಿ, "ಅರೆ ಅಣ್ಣಾ, ಇದು ರಕ್ತ ಅಳ್ತಾ ಇದೆ ನೋಡಿ" ಎಂದ.

ಹೌದು. ತಾಯಿ ಇಲಿಗಳ ಕಣ್ಣಂಚಿನಲ್ಲಿ, ಮೂಗಿನ ತುದಿಯಲ್ಲಿ ಕೆಂಪು ಕಟ್ಟಿತ್ತು. ಅಪ್ಪ ಓಡಿಹೋಗಿ ಮೇಷ್ಟ್ರನ್ನು ಕರೆತಂದ. ಮೇಷ್ಟ್ರು ಬಾಗಿಲಲ್ಲೇ ಕರ್ಚೀಫು ಮೂಗಿಗೆ ಹಿಡಿದು ನಿಂತು, "ಅದು ರಕ್ತ ಅಲ್ಲಪ್ಪ. ಕಣ್ಣ ಹಿಂದೆ ಒಂದು ಗ್ರಂಥಿ ಇರುತ್ತೆ. ಕಾಯಿಲೆ ಆದ್ರೆ, ಹೆದರಿದ್ರೆ ಹಾಗೆ ಕೆಂಪಗೆ ಸುರಿಯುತ್ತೆ" ಎಂದರು.

"ಯಾರನ್ನ ನೋಡಿ ಹೆದರ್ತಾವೆ ಸರ್? ಇಲ್ಲಿ ಬೆಕ್ಕೂ ಬರಲ್ಲ, ಹಾವೂ ಬರಲ್ಲ. ಇರೋನು ನಾನೊಬ್ಬನೇ."

ಮೇಷ್ಟ್ರು ಗಡಿಯಾರ ನೋಡಿಕೊಂಡು ಕ್ಲಾಸಿಗೆ ಹೋದರು. ಅವರನ್ನು ಬೈದು ಏನು ಪ್ರಯೋಜನ? ಅವರ ಪುಸ್ತಕವೆಲ್ಲ ಸತ್ತ ಇಲಿಯ ಹೊಟ್ಟೆಯೊಳಗಿನದು. ಬದುಕಿರುವ ಇಲಿಯ ಮನಸ್ಸಿನಲ್ಲಿ ಏನಿದೆ ಎಂದು ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ನಮ್ಮಪ್ಪನಿಗಾದರೂ ಉತ್ತರ ಅವನ ಬಾಯಲ್ಲೇ ಬಂದಿತ್ತು. ತಾನೇ ಆಡಿದ ಮಾತನ್ನು ತಾನೇ ಕೇಳಿಸಿಕೊಳ್ಳದ ಮನುಷ್ಯನಿಗೆ ಏನು ಹೇಳುವುದು.

ಬೇಸಿಗೆ ಬಂತು. ಶೀಟಿನ ಕೆಳಗೆ ಕೋಣೆ ಕಾದ ಹೆಂಚಾಯಿತು. ಅಪ್ಪ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದ, ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿದ. ಆ ಸೆಕೆಯಲ್ಲಿ ಗಂಡು ಇಲಿಗಳು ಬಾಲ ಚಾಚಿ ಬಿದ್ದಿರುತ್ತಿದ್ದವು, ಸಂತಾನದ ಕಡೆಗೆ ಅವಕ್ಕೆ ಗಮನವೇ ಇರಲಿಲ್ಲ. ಒಂದು ಮಳೆ ಬಿದ್ದು ತಂಪಾದ ಮೇಲೆ ಮತ್ತೆ ಹೆಣ್ಣುಗಳು ಬಸಿರಾದವು. ಪ್ರಿನ್ಸಿಪಾಲರು ಕರೆದು ಹೇಳಿಬಿಟ್ಟರು: ಆಡಳಿತ ಮಂಡಳಿಯವರು ನೋಡಲು ಬರುತ್ತಾರೆ, ಆ ಹೊತ್ತಿಗೆ ಮರಿ ಕಾಣದಿದ್ದರೆ ಇಲಿ ಮನೆ ಮುಚ್ಚಿ ಸೈಕಲ್ ಸ್ಟ್ಯಾಂಡ್ ಮಾಡುತ್ತೇವೆ.

ಮನೆಯಲ್ಲಿ ನನಗೂ ದಿನ ತುಂಬಿತ್ತು. ಹೆಣ್ಣು ಮಗು ಹುಟ್ಟಿತು. ಸೂಲಗಿತ್ತಿ ಕೂಸನ್ನು ಒರೆಸಿ ಎತ್ತಿಕೊಂಡಾಗ ಅಪ್ಪ ಬಾಗಿಲ ಹೊರಗೆ ನಿಂತು ಇಣುಕುತ್ತಿದ್ದ. ಅಜ್ಜಿ ಒಳಗಿನಿಂದಲೇ ಕೂಗಿದಳು. "ಇಲಿ ಮುಟ್ಟಿದ ಕೈಲಿ ಹಸಿ ಕೂಸಿನ ಹತ್ರ ಬಂದ್ರೆ ನೋಡು! ಕೂಸು ಬೇಕಾ, ಇಲಿ ಬೇಕಾ, ನೀನೇ ಹೇಳಿಬಿಡು. ನಾಮಕರಣ ಆಗೋವರ್ಗೂ ಎರಡೂ ಆಗಲ್ಲ."

ಅಪ್ಪ ಕೂಸನ್ನು ನೋಡಿದ. ನನ್ನನ್ನು ನೋಡಿದ. ಆ ಮುಖ ನೆನೆದರೆ ಈಗಲೂ ಅಯ್ಯೋ ಅನಿಸುತ್ತದೆ. ಮಾರನೆಯ ದಿನ ಹೋಗಿ ರಜೆ ಹೇಳಿ ಬಂದ. ಬುಡನ್ ಸಾಬನಿಗೆ ಒಂದು ರಾಮಾಯಣದಷ್ಟು ಹೇಳಿಕೊಟ್ಟು ಬಂದ: ದಿನಾ ಹೊಟ್ಟು ಬದಲಾಯಿಸು, ಫಿನಾಯಿಲ್ ಹಾಕು, ಕಿಟಕಿ ತೆಗಿ, ಮರಿ ಹಾಕಿದರೆ ಎತ್ತಿ ನೋಡು. ಬುಡನ್ ಸಾಬ್ ಎಲ್ಲಕ್ಕೂ ಎದೆ ಮುಟ್ಟಿಕೊಂಡು, "ಫಿಕರ್ ಮಾಡಬೇಡಿ ಅಣ್ಣಾ, ನಾನಿದೀನಿ" ಎಂದನಂತೆ.

ಇಲಿ ಇಲ್ಲದ ಅಪ್ಪ ನಮ್ಮ ತಲೆಯ ಮೇಲೆ ಕೂತ. ಮಾಡು ಗುಡಿಸಿದ. ದನದ ಕೊಟ್ಟಿಗೆಗೆ ಫಿನಾಯಿಲ್ ಹೊಡೆದ. ಅಜ್ಜಿಯ ಎಲೆಅಡಿಕೆ ಡಬ್ಬಿಯನ್ನು ಬೂದಿ ಹಾಕಿ ಬೆಳಗಿದ. ಅಲ್ಲಿಗೂ ಬಿಡಲಿಲ್ಲ. ನಾನು ಬಾಣಂತಿ ಕೋಣೆಯಲ್ಲಿದ್ದೆ. ಗೊತ್ತಲ್ಲ, ನಮ್ಮ ಕಡೆ ಬಾಣಂತಿ ಕೋಣೆ ಎಂದರೆ ಕತ್ತಲು. ಕಿಟಕಿಗೆ ಹಳೇ ಕಂಬಳಿ, ಬಾಗಿಲಿಗೆ ಗೋಣಿ ಪರದೆ, ಮೇಲೆ ಬೇವಿನ ಸೊಪ್ಪು. ಒಳಗೆ ಸಾಂಬ್ರಾಣಿ, ಬೆಳ್ಳುಳ್ಳಿ, ಬಜೆ, ಹಾಲು, ಎಣ್ಣೆ ಎಲ್ಲ ಕಲೆತ ವಾಸನೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು ನಾನು ಮಲಗಿದ್ದೆ. ಅರ್ಧ ದಿನ ಅತ್ತ ಕೂಸು ಆಗ ತಾನೇ ಕಣ್ಣು ಮುಚ್ಚಿತ್ತು. ಪರದೆ ಸರಿಯಿತು, ಬೆಳಕು ನುಗ್ಗಿತು. ನೋಡಿದರೆ ನಮ್ಮಪ್ಪ! ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಬಕೆಟ್ಟು.

"ಸ್ವಲ್ಪ ಎದ್ದು ಆ ಕಡೆ ಕೂತ್ಕೋ ಭಾರತಿ. ಹಾಸಿಗೆ ಒಂದ್ಸಲ ಬಿಸಿಲಿಗೆ ಹಾಕ್ತೀನಿ" ಎಂದ. ಬಕೆಟ್ಟು ಠಣ್ಣೆಂದು ನೆಲಕ್ಕೆ ಕೂತಿತು. ಕೂಸು ಬೆಚ್ಚಿಬಿದ್ದು ಕಿರುಚಿತು.

ನನಗೆ ಎಲ್ಲಿಂದ ಬಂತೋ ಆ ಕೋಪ! ಕೂಸನ್ನು ಎದೆಗೆ ಅವುಚಿಕೊಂಡು, "ಹೊರಗೆ ಹೋಗಪ್ಪಾ! ಹತ್ರ ಬಂದ್ರೆ ಕಚ್ಚಿಬಿಡ್ತೀನಿ" ಎಂದು ಅರಚಿದೆ. ಅಪ್ಪನಿಗೆ ಹಾಗೆ ಎಂದೂ ಅಂದವಳಲ್ಲ.

ಅಜ್ಜಿ ಒಲೆಯ ಮುಂದಿನಿಂದ ಸೌಟು ಹಿಡಿದೇ ಬಂದಳು. ಸಿಟ್ಟು ಬಂದರೆ ಅವಳಿಗೆ ತೆಲುಗು. "ಏಮಿರಾ, ನೀಕು ಬುದ್ಧಿ ಉಂದಾ? ಬಾಣಂತಿ ಕೋಣೆಗೆ ಪರಕೆ ಹಿಡ್ಕೊಂಡು ನುಗ್ಗೋ ಗಂಡಸ್ನ ಎಲ್ಲೂ ನೋಡ್ಲಿಲ್ಲ ನಾನು! ಕೂಸಿಗೆ ಕಣ್ಣು ಕಾಣಲ್ಲ ಕಣೋ ಇನ್ನೂ. ಅದಕ್ಕೆ ಗೊತ್ತಿರೋದು ತಾಯಿ ವಾಸನೆ ಒಂದೇ. ಅದನ್ನೂ ತೊಳೆದುಬಿಟ್ರೆ ಅದು ಯಾರನ್ನ ಅಂತ ಹುಡುಕ್ತದೆ? ತಾಯಿಗೂ ಅಷ್ಟೇ. ಹಸಿ ಮೈಯೋಳು, ಯಾರು ಬಂದ್ರೂ ಕೂಸು ಕಿತ್ಕೊಂಡು ಹೋಗ್ತಾರೆ ಅಂತ ಹೆದರ್ತಾಳೆ."

ಅಪ್ಪ ಹಾಗೇ ನಿಂತುಬಿಟ್ಟ. ಬೈಸಿಕೊಂಡದ್ದಕ್ಕೆ ನಿಂತ ಎಂದುಕೊಂಡೆ. ಆದರೆ ಅವನು ನನ್ನನ್ನೇ ನೋಡುತ್ತಿದ್ದ. ಕತ್ತಲಲ್ಲಿ ಮೂಲೆಗೆ ಒತ್ತಿಕೊಂಡು, ಕೂಸನ್ನು ಬಚ್ಚಿಟ್ಟುಕೊಂಡು, ಹಲ್ಲು ಕಚ್ಚಿ ಕೂತಿದ್ದ ನನ್ನನ್ನು. ಪೊರಕೆಯನ್ನು ಸದ್ದಾಗದ ಹಾಗೆ ಗೋಡೆಗೆ ಒರಗಿಸಿದ. "ಅಯ್ಯೋ ನನ್ನ ಮನೆ ಹಾಳಾಗ. ಅವಕ್ಕೂ ಹಿಂಗೇ ಆಗಿದೆ ಕಣವ್ವಾ" ಎಂದ. ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು. ತಿಳಿದ ಮೇಲೆ ಕೋಪ ಇನ್ನೂ ಹೆಚ್ಚಾಯಿತು. ಮನೆಯಲ್ಲಿ ಹೆಂಗಸರಿದ್ದೇವೆ, ಒಂದು ಮಾತು ಕೇಳಿದ್ದರೆ ಸಾಕಿತ್ತು. ಹುಳುವಿನ ಹಾಗೆ ಸಾಕುವ ಬದಲು ಬಾಣಂತಿಯ ಹಾಗೆ ಸಾಕು ಎಂದು ಹೇಳುತ್ತಿದ್ದೆವಲ್ಲ! ಹುಳುವಿಗೆ ತಾಯಿ ಇಲ್ಲ, ಇಲಿಗೆ ಇದೆ. ಅಷ್ಟು ಸಣ್ಣ ವಿಷಯ ಈ ಮನುಷ್ಯನ ತಲೆಗೆ ಹೋಗಲು ನಾನು ಹಲ್ಲು ಕಚ್ಚಬೇಕಾಯಿತು.

ನಾಮಕರಣ ಮುಗಿಯುವವರೆಗೆ ಅವನು ತಡೆದದ್ದೇ ಹೆಚ್ಚು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಕೋಲಾರಕ್ಕೆ ಓಡಿದ. ಬುಡನ್ ಸಾಬನಿಗೆ ಎಲ್ಲ ನಿಲ್ಲಿಸು ಎಂದು ಹೇಳಬೇಕಿತ್ತಲ್ಲ. ಹೋಗಿ ನೋಡಿದರೆ ನಿಲ್ಲಿಸುವುದಕ್ಕೆ ಏನಾದರೂ ಶುರುವಾಗಿದ್ದರೆ ತಾನೇ? ಬುಡನ್ ಸಾಬ್ ಕಿಟಕಿ ತೆರೆದಿರಲಿಲ್ಲ. ಪೊರಕೆ ಮುಟ್ಟಿರಲಿಲ್ಲ. ವಾಸನೆಗೆ ತಲೆ ಸುತ್ತುತ್ತದೆ ಎಂದು ಕಾಳು ನೀರು ಯಥೇಚ್ಛ ಇಟ್ಟು, ಒಂದು ಹಳೇ ಗೋಣಿಚೀಲ, ಒಂದಿಷ್ಟು ಹಳೇ ಪೇಪರು ಪಂಜರಕ್ಕೆ ತುರುಕಿ ಬಾಗಿಲು ಎಳೆದುಕೊಂಡಿದ್ದ. ಒಳಗೆ ಮೂಗು ಒಡೆಯುವ ನಾತ. ಪೇಪರನ್ನು ಚೂರುಚೂರು ಹರಿದು ಇಲಿಗಳು ದೊಡ್ಡ ಗೂಡು ಕಟ್ಟಿಕೊಂಡಿದ್ದವು. ಆ ಗೂಡಿನಿಂದ ತಲೆ ಹೊರಗೆ ಹಾಕಿ, ಬೆಳ್ಳಗೆ ಕೂದಲು ಬಂದ ಮರಿಗಳು ಅಪ್ಪನ ಕಡೆ ಮೂಗು ಅಲ್ಲಾಡಿಸಿದವು. ತಾಯಿಯ ಕಣ್ಣಲ್ಲಿ ಕೆಂಪು ಇರಲಿಲ್ಲ.

ಅಪ್ಪ ಅತ್ತನಂತೆ. ಬುಡನ್ ಸಾಬ್ ನನಗೆ ಆಮೇಲೆ ಹೇಳಿದ. ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಬಾಯಿಗೆ ಟವೆಲ್ಲು ಒತ್ತಿಕೊಂಡು, ಸದ್ದಾಗದ ಹಾಗೆ ಅತ್ತನಂತೆ.

ಆಡಳಿತ ಮಂಡಳಿಯವರು ಬಂದದ್ದು ಅದೇ ವಾರ. ಮರಿಗಳನ್ನು ನೋಡಿ ಎಲ್ಲರಿಗೂ ಸಂತೋಷ. ಪ್ರಿನ್ಸಿಪಾಲರು ಮೇಷ್ಟ್ರನ್ನು ಕೇಳಿದರು, ಇವನ್ನು ಸಾಕಿದ್ದು ಯಾರು? ಮೇಷ್ಟ್ರು ಸುಳ್ಳು ಹೇಳುವವರಲ್ಲ. "ಕೋದಂಡರಾಮಪ್ಪ ರಜದಲ್ಲಿದ್ದ ಸರ್. ಈ ಸಂತಾನ ನಿಂತಿದ್ದು ಬುಡನ್ ಸಾಬ್ ಕೈಯಲ್ಲಿ" ಎಂದರು. ಮಂಡಳಿಯ ಹಿರಿಯರೊಬ್ಬರು ತಲೆದೂಗಿ, ಕೈಗುಣ ಅನ್ನುವುದು ಇದಕ್ಕೇ ಎಂದರು. ಕೈಗುಣವಂತೆ! ಬೀಡಿ ಬಿಟ್ಟು ಬೇರೇನನ್ನೂ ಹಿಡಿಯದ ಕೈ ಅದು.

ಅಪ್ಪ ಮುಂದೆ ಬಂದು ಕೈ ಮುಗಿದು, ತಾನು ಮಾಡುತ್ತಿದ್ದ ತಪ್ಪು ಏನು, ಇಲಿಗಳು ಯಾಕೆ ಮರಿ ತಿನ್ನುತ್ತಿದ್ದವು, ಈಗ ಯಾಕೆ ತಿಂದಿಲ್ಲ ಎಂದು ಮೊದಲಿಂದ ಕೊನೆಯವರೆಗೆ ಹೇಳಿದ. ಮಗಳು ಕಚ್ಚುತ್ತೇನೆ ಎಂದದ್ದನ್ನೂ ಹೇಳಿದನಂತೆ, ಮಾನ ಮರ್ಯಾದೆ ಇಲ್ಲದೆ. ಪ್ರಿನ್ಸಿಪಾಲರು ತಾಳ್ಮೆಯಿಂದಲೇ ಕೇಳಿದರು. ಕೇಳಿ, "ಅಲ್ಲಯ್ಯಾ, ಹಾಗಾದ್ರೆ ಏನೂ ಮಾಡದೆ ಸುಮ್ಮನಿರೋದಕ್ಕೆ ಒಬ್ಬನ್ನ ಖಾಯಂ ಮಾಡಿ ಅಂತ ನಾನು ಬರೀಲಾ?" ಎಂದರು. ಎಲ್ಲರೂ ನಕ್ಕರು. ಮುಂದಿನ ತಿಂಗಳು ಬುಡನ್ ಸಾಬ್ ಖಾಯಂ ಆದ. ನಮ್ಮಪ್ಪನಿಗೆ ನಾಳೆಯಿಂದ ಬರಬೇಡ ಎಂದರು. ಏನೂ ಮಾಡದೆ ಸುಮ್ಮನಿದ್ದವನನ್ನೇ ಅವರು ಖಾಯಂ ಮಾಡಿದ್ದು, ಅದೊಂದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಬುಡನ್ ಸಾಬನ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಆ ಮನುಷ್ಯ ನಾಚಿಕೆಯಿಂದ ಕರಗಿಹೋಗಿದ್ದ. ಒಂದು ಭಾನುವಾರ ಬಿಸ್ಕೆಟ್ ಡಬ್ಬಿಗೆ ತೂತು ಕೊರೆದು, ಅದರಲ್ಲಿ ಬೆಳೆದ ಮರಿಗಳ ಒಂದು ಜೋಡಿ ಹಾಕಿಕೊಂಡು ಸುಗಟೂರಿಗೆ ಬಂದ. "ಅಣ್ಣಾ, ಇವು ನಿಮ್ಮವೇ. ನಾನು ಏನೂ ಮಾಡಿಲ್ಲ, ಅಲ್ಲಾನಾಣೆ" ಎಂದ. ಅದಂತೂ ಪೂರಾ ಸತ್ಯವಾಗಿತ್ತು.

ಅಪ್ಪ ಅವನ್ನು ಎಲ್ಲಿಟ್ಟ ಎಂದುಕೊಂಡಿರಿ? ಖಾಲಿ ಬಿದ್ದಿದ್ದ ಹುಳದ ಮನೆಯಲ್ಲಿ! ಯಾವ ಕೋಣೆಯಲ್ಲಿ ಇಲಿಯ ಬಾಲ ಕಂಡರೂ ಬಡಿಯುತ್ತಿದ್ದನೋ ಅದೇ ಕೋಣೆಯಲ್ಲಿ. ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ನಕ್ಕ. ಅಪ್ಪನದು ಹಗಲು ಟೊಮೆಟೊಗೆ ನೀರು ಕಟ್ಟುವುದು, ಸಂಜೆ ಇಲಿಗಳನ್ನು ಹೆಗಲ ಮೇಲೆ ಬಿಟ್ಟುಕೊಂಡು ಜಗಲಿಯಲ್ಲಿ ಕೂರುವುದು. ಹೆಣ್ಣು ಇಲಿ ಅವನ ಅಂಗಿಯ ಜೇಬಿನಲ್ಲಿ ನಿದ್ದೆ ಮಾಡುತ್ತಿತ್ತು. ಕರೆದರೆ ಬರುತ್ತಿತ್ತು. ಅದಕ್ಕೆ ಹೊಟ್ಟೆ ಕಾಣಿಸಿಕೊಂಡಾಗ ಅಪ್ಪ ಹಳೇ ಪೇಪರು, ಗೋಣಿಯ ನಾರು ಒಳಗಿಟ್ಟು, ಕಿಟಕಿಗೆ ಕಂಬಳಿ ಹೊಡೆದು, ಬಾಗಿಲಿಗೆ ಪರದೆ ಕಟ್ಟಿದ. ಪರದೆಯ ಮೇಲೆ ಬೇವಿನ ಸೊಪ್ಪು ಸಿಕ್ಕಿಸಿದ. ಹೊರಗೆ ಹುಳದ ಮನೆಯ ಜಗಲಿಯ ಮೇಲೆ ಕೂತ. ಅದು ಮರಿ ಹಾಕಿತು, ಒಳಗಿಂದ ನಾತ ಬರುತ್ತಿತ್ತು. ಗುಡಿಸಲು ಅವನ ಕೈ ತುಡಿಯುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರುತ್ತಿದ್ದ. ಅವನ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸವನ್ನು ಇನ್ನೊಂದು ಸಲ ಮಾಡಿದ್ದನ್ನು ನಾನು ನೋಡಿಲ್ಲ.

ನಾನು ಮಾಲೂರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಕೋಲಾರದ ಬಸ್ಸಿನಿಂದ ವೆಂಕಟರಾಯಪ್ಪ ಮೇಷ್ಟ್ರು ಇಳಿದರು. ಹಿಂದೆ ಖಾಲಿ ಪಂಜರ ಹಿಡಿದುಕೊಂಡು ಬುಡನ್ ಸಾಬ್. ಮೇಷ್ಟ್ರ ಮುಖ ಬಾಡಿತ್ತು.

"ಕೋದಂಡರಾಮಪ್ಪನೋರೇ" ಎಂದರು. ಹಿಂದೆಲ್ಲ 'ಅಪ್ಪಾ' 'ಬಾರಯ್ಯಾ' ಅಷ್ಟೇ ಇದ್ದದ್ದು. "ಮತ್ತೆ ಎಲ್ಲ ಮರಿ ತಿಂದುಬಿಟ್ಟಿವೆ. ಇನ್ನೇನು ಪರೀಕ್ಷೆ ಬಂತು, ಪ್ರಾಕ್ಟಿಕಲ್ಲಿಗೆ ಕೊಡಕ್ಕೆ ಒಂದು ಇಲಿ ಇಲ್ಲ."

ಬುಡನ್ ಸಾಬ್ ಪಂಜರ ಕೆಳಗಿಟ್ಟು ಹೇಳಿದ. "ಏನು ಮಾಡಲಿ ಅಣ್ಣಾ? ಸುಮ್ನೆ ಇದ್ದಾಗ ಖಾಯಂ ಮಾಡಿದ್ರು. ಖಾಯಂ ಆದಮೇಲೆ ಸುಮ್ನೆ ಇರಕ್ಕೆ ಬಿಡ್ತಾ ಇಲ್ಲ. ದಿನಾ ಫಿನಾಯಿಲ್ ಹಾಕು, ಕಿಟಕಿ ತೆಗಿ, ಸಂಬಳ ಯಾಕೆ ತಗೋತೀಯಾ ಅಂತಾರೆ."

"ನಿಮ್ಮ ಹತ್ರ ಮರಿ ಇದೆ ಅಂತ ಬುಡನ್ ಹೇಳಿದ" ಎಂದು ಮೇಷ್ಟ್ರು ಪರದೆಯ ಕಡೆ ಹೆಜ್ಜೆ ಇಟ್ಟರು. "ಒಂದ್ಸಲ ನೋಡ್ತೀನಿ. ನೀವು ಮತ್ತೆ ಬರೋದಾದ್ರೆ ಪ್ರಿನ್ಸಿಪಾಲರಿಗೆ ನಾನೇ ಹೇಳ್ತೀನಿ."

ನಾನು ಕೂಸನ್ನು ಸೊಂಟದಲ್ಲಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಬಂತು, ಕೊನೆಗೂ ಬಂತು! ಈಗ ಕೇಳಬೇಕು. ಖಾಯಂ ಮಾಡಿದರೆ ಇಲಿ, ಇಲ್ಲದಿದ್ದರೆ ಇಲ್ಲ ಎಂದು ಖಡಾಖಂಡಿತವಾಗಿ ಹೇಳಬೇಕು. ಚಿಕ್ಕಪ್ಪ ತೋಟದಿಂದ ಬಂದು ಅಂಗಳದಲ್ಲೇ ನಿಂತಿದ್ದ. ಅವನ ಎದುರಿಗೇ ಹೇಳಬೇಕು.

ಅಪ್ಪ ಎದ್ದು ಪರದೆಗೆ ಅಡ್ಡವಾಗಿ ನಿಂತ. ಮೇಷ್ಟ್ರಿಗೆ ಕೈ ಮುಗಿದ.

"ಬಾಣಂತಿ ಇದಾಳೆ ಸರ್. ಈಗ ಒಳಗೆ ಬಿಡಕ್ಕಾಗಲ್ಲ. ಮರಿ ಕಣ್ಣು ಬಿಡ್ಲಿ, ಆಮೇಲೆ ಬನ್ನಿ."

ಅಷ್ಟೇ. ಕೆಲಸದ ಮಾತೇ ಇಲ್ಲ! ಮೇಷ್ಟ್ರು ಹೆಜ್ಜೆ ಹಿಂದಿಟ್ಟರು. ಬುಡನ್ ಸಾಬ್ ಪಂಜರ ಎತ್ತಿಕೊಂಡ. ಅವರು ಬಸ್ಸಿನ ಕಡೆ ತಿರುಗುತ್ತಿದ್ದಾರೆ, ನಮ್ಮಪ್ಪ ಮತ್ತೆ ಜಗಲಿಯ ಮೇಲೆ ಕೂತು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಾನೆ. ನನಗೆ ತಡೆಯಲಾಗಲಿಲ್ಲ.

"ಅಪ್ಪಾ! ಕೆಲಸ ಕೇಳಪ್ಪಾ! ಖಾಯಂ ಮಾಡಿ ಅಂತ ಕೇಳು, ಹೋಗ್ತಾ ಇದಾರೆ, ಕೇಳು!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಅಪ್ಪ ಗಾಬರಿಯಿಂದ ನನ್ನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲಗೆ ಮಾತಾಡೇ. ಬಾಣಂತಿ ಹೆದರ್ತಾಳೆ."